ದೇವರ ಹೊತ್ತಗೆ, ಲೋಕದ ಹೊತ್ತಗೆ

(ನಮ್ಮ ಉಚಿತ ವಾಚನಾಲಯದ ಹಂಗಾಮಿನ ಓದು ಮುಗಿದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಜ್ಯೇಷ್ಠದ ಕೊನೆಯಲ್ಲಿ ಜ್ಞಾನೇಶ್ವರರ ಪಾಲಕಿ ಸಾಸವಡದಿಂದ ಬಂದು ನಮ್ಮ ಜೇಜುರಿಯಲ್ಲಿ ತಂಗಿದ ಮರುದಿನ ನಮ್ಮ ವಾಚನವು ಪ್ರಾರಂಭವಾಯಿತು. ಮಾರ್ಗಶೀರ್ಷದ ಚಂಪಾಷಷ್ಠಿಯ ಮುನ್ನಾದಿನ ಮುಗಿಯಿತು. ಈ ಐದು ತಿಂಗಳಲ್ಲಿ ಏನು ಓದಿದೆವು, ಓದಿದ್ದರಿಂದ ಏನಾಯಿತು ಎಂಬುದನ್ನು ಸಭೆಗೆ ಅರಿಕೆ ಮಾಡಬೇಕೆಂದು ಮಂಡಳಿಯವರು ನನಗೆ ಹೇಳಿದ್ದಾರೆ. ನಾನು ಪಂಡಿತನಲ್ಲ. ಮ್ಯಾಟ್ರಿಕ್ಕಿನವರೆಗೆ ಓದಿ, ಗಿರಣಿಯ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಲೆಕ್ಕ ಒಪ್ಪಿಸುವುದು ನನ್ನ ಉದ್ಯೋಗ. ಇಂದು ಪುಸ್ತಕಗಳ ಲೆಕ್ಕವನ್ನು ಒಪ್ಪಿಸುತ್ತೇನೆ.

ಮೊದಲಿಗೆ ಒಂದು ತಕರಾರಿನ ಸಂಗತಿಯನ್ನು ಹೇಳಲೇಬೇಕು. ಹಂಗಾಮು ಮೊದಲಾಗುವಾಗ ನಮ್ಮಲ್ಲಿ ಎರಡು ಪಕ್ಷಗಳಿದ್ದವು. ಹಿರಿಯರು, “ಇದು ಪುಣ್ಯಕಾಲ, ಇದು ದೇವರ ಊರು, ಜೈಮಿನಿ ಭಾರತ, ದಾಸರ ಪದ, ಶರಣರ ವಚನ, ಮೈಲಾರಲಿಂಗನ ಕಥೆ, ಇಷ್ಟೇ ನಡೆಯಲಿ” ಎಂದರು. ತರುಣರು, “ಪರೀಕ್ಷೆಗೆ ಕೂಡುವವರಿದ್ದೇವೆ, ಕಾಯದೆ ಕಾನೂನು ತಿಳಿಯಬೇಕೆನ್ನುವವರಿದ್ದೇವೆ, ಇತಿಹಾಸ ಬೇಕು, ವರ್ತಮಾನ ಪತ್ರಿಕೆ ಬೇಕು, ಪುರಾಣ ಮನೆಯಲ್ಲಿ ಓದಿಕೊಳ್ಳಬಹುದು” ಎಂದರು. ಇರುವುದು ಒಂದೇ ಕೋಣೆ, ಒಂದೇ ದೀಪ, ಎರಡು ಕಪಾಟು. ಮಾತು ಬೆಳೆದು, ಕೆಲವರು ಬರುವುದನ್ನೇ ಬಿಡುತ್ತೇವೆ ಎನ್ನುವಲ್ಲಿಗೆ ಬಂತು. ಪರಸ್ಥಳದಲ್ಲಿ ಹೊಟ್ಟೆ ಹೊರೆಯುವ ನಮಗೆ ಹೀಗೆ ಒಡೆದುಹೋಗುವುದು ಸಣ್ಣ ಮಾತಲ್ಲ. ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೂ ಕಾರಖಾನೆಗಳಿಗೂ ಬಂದವರಿಗೆ ಸಂಜೆ ಕನ್ನಡದಲ್ಲಿ ನಾಲ್ಕು ಮಾತು ಕೇಳುವ ಜಾಗ ಇಲ್ಲಿ ಮತ್ತೊಂದಿಲ್ಲ.

ಕಡೆಗೆ ಆದ ಒಡಂಬಡಿಕೆ ಇದು: ಮೊದಲ ಅರ್ಧ ತಾಸು ಭಕ್ತಿಯ ಓದು, ನಂತರದ ಅರ್ಧ ತಾಸು ಲೋಕದ ಓದು. ಆದರೆ ಎರಡನೆಯದು ಮೊದಲನೆಯದರ ವಿಷಯಕ್ಕೇ ಸಂಬಂಧಪಟ್ಟಿರಬೇಕು. ಅರ್ಧಕ್ಕೆ ಯಾರೂ ಎದ್ದು ಹೋಗಕೂಡದು. ಈ ಕಡೆಯ ನಿಯಮವೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ.

ಮೊದಲು ಮೈಲಾರಲಿಂಗನ ಕಥೆಯನ್ನು ಓದಿದೆವು. ಮಣಿ ಮಲ್ಲ ಎಂಬ ದೈತ್ಯರನ್ನು ದೇವರು ಕೊಂದ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಬೆಟ್ಟದ ಮೇಲೆ ಭಂಡಾರ ಹಾರಿಸಿ “ಯಳಕೋಟ” ಎಂದು ಜನ ಕೂಗುವಾಗ ನಮ್ಮವರ ಕಿವಿಗೆ ಅದು “ಏಳು ಕೋಟಿ” ಎಂದೇ ಕೇಳಿಸುತ್ತದೆ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ರಾಣೆಬೆನ್ನೂರಿನ ಹತ್ತಿರದ ದೇವರಗುಡ್ಡದಲ್ಲಿ ಕೂಗುವುದೂ ಅದನ್ನೇ. ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯನು ಬಿಲ್ಲನ್ನೇರಿ ಒಂದೇ ಮಾತಿನ ಕಾರಣಿಕ ನುಡಿಯುವುದನ್ನು ಕಣ್ಣಾರೆ ಕಂಡವರು ನಮ್ಮ ಸಭೆಯಲ್ಲಿಯೇ ಇದ್ದಾರೆ. ಅಲ್ಲಿಯ ಗೊರವ, ಇಲ್ಲಿಯ ವಾಘ್ಯಾ. ಅಲ್ಲಿ ಗಂಗಿಮಾಳಮ್ಮ, ಇಲ್ಲಿ ಮ್ಹಾಳಸಾ. ಎರಡೂ ಕಡೆ ದೇವರ ಎರಡನೆಯ ಹೆಂಡತಿ ಕುರಿ ಕಾಯುವವರ ಮನೆಯ ಮಗಳು.

ಲೋಕದ ಓದಿನ ಪಾಲಿಗೆ ಪುಣೆಯಲ್ಲಿದ್ದ ರಾ. ಚಿಂ. ಢೇರೆಯವರು ಮರಾಠಿಯಲ್ಲಿ ಖಂಡೋಬನ ಬಗ್ಗೆ ಬರೆದ ಗ್ರಂಥವಿತ್ತು. ನಮ್ಮ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿತವರು. ಅವರು ಮರಾಠಿಯಲ್ಲಿ ಓದಿ, ನಾವು ಕನ್ನಡದಲ್ಲಿ ತಿರುಗಿಸಿ ಹೇಳಿದೆವು. ಗುಂಥರ್ ಸೊಂಥೈಮರ್ ಎಂಬ ಜರ್ಮನ್ ವಿದ್ವಾಂಸರು ಕುರಿಗಾಹಿಗಳ ಜೊತೆಗೆ ಊರೂರು ಸುತ್ತಿ, ಪಶ್ಚಿಮ ಭಾರತದ ದನಗಾಹಿ ಕುರಿಗಾಹಿಗಳ ದೇವರುಗಳ ಮೇಲೆ ಬರೆದ ಗ್ರಂಥವೊಂದಿದೆ. ಅದರ ಇಂಗ್ಲಿಷ್ ಅನುವಾದ ೧೯೮೯ರಲ್ಲಿ ಬಂತು. ಅದರ ಸಾರವನ್ನು ಡಿಪ್ಲೊಮಾ ಓದುತ್ತಿರುವ ಹುಡುಗನೊಬ್ಬ ಹೇಳಿದ. ಕುರಿಯ ಹಿಂಡು ಮಳೆ ನೋಡಿ, ಹುಲ್ಲು ನೋಡಿ ಸಾಗುತ್ತದೆ. ಹಿಂಡಿನ ಹಿಂದೆ ಮನುಷ್ಯ, ಮನುಷ್ಯನ ಹಿಂದೆ ಅವನ ದೇವರು. ಇದನ್ನು ಕೇಳಿ ಗಾರೆ ಕೆಲಸದ ಹಿರಿಯರೊಬ್ಬರು, “ಹಾಗಾದರೆ ದೇವರೂ ನಮ್ಮ ಹಾಗೆಯೇ ಕೆಲಸ ಇದ್ದಲ್ಲಿಗೆ ಬಂದವನು” ಎಂದರು. ಎಲ್ಲರೂ ನಕ್ಕರು. ಆದರೆ ಅಂದಿನಿಂದ “ಪರವೂರು” ಎಂಬ ಮಾತು ನಮ್ಮ ಕೋಣೆಯಲ್ಲಿ ಸ್ವಲ್ಪ ಕಡಿಮೆಯಾಗಿದೆ. ಬೆಳಗಾವಿ ಜಿಲ್ಲೆಯ ಮಂಗಸೂಳಿಯಲ್ಲಿಯೂ, ಬೀದರದ ಹತ್ತಿರದ ಮೈಲಾರದಲ್ಲಿಯೂ, ನಳದುರ್ಗದಲ್ಲಿಯೂ, ಸಾತಾರೆಯ ಪಾಲಿಯಲ್ಲಿಯೂ ಇರುವ ದೇವರಿಗೆ ಯಾವ ರಾಜ್ಯದ ಗಡಿ ಹಾಕುತ್ತೀರಿ? ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದ ಶಂ. ಬಾ. ಜೋಶಿಯವರು ಕನ್ನಡ ಮರಾಠಿ ಜನಗಳ ಹಳೆಯ ನಂಟನ್ನು ಹುಡುಕುವುದರಲ್ಲಿಯೇ ಆಯುಷ್ಯ ಕಳೆದರು. ಅವರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ ೧೯೭೦ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮಾಸ್ತರಿಕೆ ಮಾಡುತ್ತ ಇಷ್ಟನ್ನು ಅವರು ಸಾಧಿಸಿದರೆಂಬುದನ್ನು ನಮ್ಮ ಗುಮಾಸ್ತ ಬಂಧುಗಳು ಗಮನಿಸಬೇಕು.

ಎರಡನೆಯದು ಪುರಂದರದಾಸರ ವಿಷಯ. ಶ್ರಾವಣ ಪೂರ್ತಿ ದಾಸರ ಪದಗಳನ್ನು ಹಾಡಿದೆವು, ಓದಿದೆವು. ಜೇಜುರಿ ಇರುವುದು ಪುರಂದರ ತಾಲೂಕಿನಲ್ಲಿ. ಪುರಂದರಗಡ ನಮ್ಮ ತಾಲೂಕಿನದೇ ಕೋಟೆ. ದಾಸರ ಹುಟ್ಟೂರು ಇದೇ ಎಂದು ಬಹಳ ಪುಸ್ತಕಗಳಲ್ಲಿ ಬರೆದುಕೊಂಡು ಬಂದಿದ್ದಾರೆ. ಈ ಮಾತು ನಮ್ಮವರಿಗೆ ಎಷ್ಟು ಪ್ರಿಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಲಿಗೆ ಬಂದ ನೆಲದಲ್ಲಿಯೇ ನಮ್ಮ ದಾಸರು ಹುಟ್ಟಿದರೆನ್ನುವುದು ಒಂದು ಆಸರೆಯಲ್ಲವೇ? ಆದರೆ ಲೋಕದ ಓದಿನ ಅರ್ಧ ತಾಸಿನಲ್ಲಿ ಇನ್ನೊಂದು ಮಾತು ಬಂತು. ದಾಸರು ಮಲೆನಾಡಿನವರು, ತೀರ್ಥಹಳ್ಳಿಯ ಬಳಿಯ ಆರಗದ ಸೀಮೆಯವರು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಇದನ್ನು ಪರಿಶೀಲಿಸಿದ ವಿದ್ವಾಂಸರ ಸಮಿತಿಯೂ ೨೦೧೮ರಲ್ಲಿ ಮಲೆನಾಡಿನ ಪಕ್ಷಕ್ಕೇ ಒಲಿಯಿತು. ಇದನ್ನು ಓದಿದ ಹುಡುಗನ ಮೇಲೆ ಕೆಲವರು ಮುನಿಸಿಕೊಂಡರು. “ಇದ್ದ ಒಂದು ಭಾಗ್ಯವನ್ನೂ ಕಸಿದುಕೊಂಡೆಯಲ್ಲ” ಎಂದರು.

ಆಗ ರಾತ್ರಿ ಪಾಳಿಯ ಕಾವಲುಗಾರರೊಬ್ಬರು ಎದ್ದು ನಿಂತು ಹೇಳಿದ ಮಾತನ್ನು ಇಲ್ಲಿ ದಾಖಲು ಮಾಡುತ್ತೇನೆ. “ಪದ ಯಾವ ಊರಲ್ಲಿ ಹುಟ್ಟಿದರೇನು? ರಾತ್ರಿ ಎರಡು ಗಂಟೆಗೆ ಗೇಟಿನ ಹತ್ತಿರ ನನ್ನನ್ನು ಎಚ್ಚರವಾಗಿ ಕೂಡಿಸುವುದು ಆ ಪದ. ಊರಿನ ಲೆಕ್ಕ ವಿದ್ವಾಂಸರು ನೋಡಿಕೊಳ್ಳಲಿ.” ಗೆಳೆಯರೇ, ನಂಬಿಕೆ ಎಲ್ಲಿ ನಿಂತಿದೆ, ತಿಳಿವಳಿಕೆ ಎಲ್ಲಿ ನಿಂತಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸಕರೂ ಹೇಳಲಾರರು. ಹುಟ್ಟೂರು ಇತಿಹಾಸದ ಪ್ರಶ್ನೆ. ಅದಕ್ಕೆ ಶಾಸನ, ದಾಖಲೆ, ತರ್ಕ ಬೇಕು. ಸಂಪತ್ತನ್ನು ತೊರೆದು ತಂಬೂರಿ ಹಿಡಿದವನ ಮಾತು ನಮ್ಮ ಎದೆಗೆ ತಾಗುವುದಕ್ಕೆ ಊರಿನ ದಾಖಲೆ ಬೇಕಾಗಿಲ್ಲ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ಪುರಂದರಗಡದ ಬಗ್ಗೆ ಸಂದೇಹವಿಲ್ಲದ ಸಂಗತಿಗಳೂ ಸಾಕಷ್ಟಿವೆ. ೧೬೫೭ರಲ್ಲಿ ಸಂಭಾಜಿ ಮಹಾರಾಜರು ಹುಟ್ಟಿದ್ದು ಅಲ್ಲಿ. ೧೬೬೫ರಲ್ಲಿ ಶಿವಾಜಿ ಮಹಾರಾಜರಿಗೂ ಜಯಸಿಂಹನಿಗೂ ಆದ ಒಪ್ಪಂದಕ್ಕೆ ಆ ಕೋಟೆಯದೇ ಹೆಸರು. ಈ ನೆಲದ ಅನ್ನ ಉಣ್ಣುವ ನಾವು ಇವನ್ನೂ ತಿಳಿದಿರಬೇಕು.

ಇನ್ನು ಮೂರನೆಯದು, ಕಠಿಣವಾದದ್ದು. ಕಾರ್ತಿಕದಲ್ಲಿ ಮುರಳಿಯರ ವಿಷಯ ಬಂತು. ಹರಕೆ ಹೊತ್ತು ಹೆಣ್ಣುಮಕ್ಕಳನ್ನು ಖಂಡೋಬನಿಗೆ ಮದುವೆ ಮಾಡಿಕೊಡುತ್ತಿದ್ದರು. ಆ ಮಕ್ಕಳಿಗೆ ಮುರಳಿ ಎಂದು ಹೆಸರು. ಅವರಿಗೆ ಬೇರೆ ಸಂಸಾರವಿರಲಿಲ್ಲ. ನಮ್ಮ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ನಡೆದದ್ದೂ ಇದೇ. ಪುಣೆಯ ಶಿವರಾಮ ಜಾನಬಾ ಕಾಂಬಳೆಯವರು ೧೯೦೮ರಲ್ಲಿ ‘ಸೋಮವಂಶೀಯ ಮಿತ್ರ’ ಎಂಬ ಮಾಸಪತ್ರಿಕೆ ತೆಗೆದು, ಜೇಜುರಿಯ ಈ ಪದ್ಧತಿಯ ವಿರುದ್ಧ ಬರೆದರು. ಅವರು ದಲಿತ ಸಮಾಜದವರು. ಹರಕೆಗೆ ಹೋಗುತ್ತಿದ್ದ ಮಕ್ಕಳಲ್ಲಿ ಎಷ್ಟೋ ಮಂದಿ ಅವರ ಸಮಾಜದ ಮಕ್ಕಳೇ. ಮುಂಬಯಿ ಪ್ರಾಂತದಲ್ಲಿ ದೇವದಾಸಿ ಸಂರಕ್ಷಣಾ ಕಾಯದೆ ಬಂದದ್ದು ೧೯೩೪ರಲ್ಲಿ. ಕರ್ನಾಟಕದ ನಿಷೇಧ ಕಾಯದೆ ೧೯೮೨ರದು. ಮಹಾರಾಷ್ಟ್ರದ ಹೊಸ ಕಾಯದೆ ೨೦೦೫ರದು. ಒಂದೇ ಪದ್ಧತಿಯನ್ನು ನಿಲ್ಲಿಸಲು ಮೂರು ಸಲ ಕಾಯದೆ ಮಾಡಬೇಕಾಯಿತೆಂದರೆ, ಬರೇ ಕಾಗದದಿಂದ ಅದು ನಿಲ್ಲುವುದಿಲ್ಲವೆಂದೇ ಅರ್ಥ.

ಅಂದು ಓದು ಮುಗಿದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. “ಇದನ್ನೆಲ್ಲ ದೇವರ ಊರಲ್ಲಿ ಓದಬೇಕಾಗಿತ್ತೇ?” ಎಂದು ಒಬ್ಬರು ಮೆಲ್ಲಗೆ ಕೇಳಿದರು. ಅದಕ್ಕೆ ಉತ್ತರ ನಮ್ಮಿಂದ ಬರಲಿಲ್ಲ. ಬಾಗಿಲ ಬಳಿ ಯಾವಾಗಲೂ ಕೂಡುವ, ಅಕ್ಷರ ಬಾರದ ಅಜ್ಜಿಯೊಬ್ಬರು ಹೇಳಿದರು: “ನಮ್ಮ ಅವ್ವನ ತಂಗಿಯನ್ನು ಹೀಗೆಯೇ ಬಿಟ್ಟರು. ಮನೆಯಲ್ಲಿ ಆಕೆಯ ಹೆಸರು ಯಾರೂ ಎತ್ತುತ್ತಿರಲಿಲ್ಲ. ಇವತ್ತು ಪುಸ್ತಕದಲ್ಲಿ ಆಕೆಯ ಸುದ್ದಿ ಬಂತು. ಓದಿದ್ದು ಬೇಷಾಯಿತು.” ಅಷ್ಟು ಹೇಳಿ, ಮರುದಿನ ಅದೇ ಅಜ್ಜಿ ಬೆಟ್ಟ ಹತ್ತಿ ಭಂಡಾರ ತಂದು ನಮಗೆಲ್ಲ ಹಚ್ಚಿದರು. ಆಕೆಗೆ ದೇವರೂ ಬೇಕು, ಚಿಕ್ಕಮ್ಮನಿಗೆ ಆದದ್ದು ಅನ್ಯಾಯವೆಂದು ಹೇಳುವ ಪುಸ್ತಕವೂ ಬೇಕು. ಇದರಲ್ಲಿ ವಿರೋಧವಿದೆಯೆಂದು ಹೇಳುವ ಧೈರ್ಯ ನನಗಿಲ್ಲ. ನಮ್ಮ ಬಸವಾದಿ ಶರಣರೂ ದೇವರ ಹೆಸರಿನಲ್ಲಿ ನಡೆಯುವ ಸಲ್ಲದ ಕೆಲಸಗಳನ್ನು ದೇವರ ಮೇಲಿನ ಭಕ್ತಿಯಿಂದಲೇ ಜರೆದರು. ಭಕ್ತಿ ಎಂದರೆ ಕಣ್ಣು ಮುಚ್ಚುವುದೆಂದು ಅವರು ಎಂದೂ ಹೇಳಲಿಲ್ಲ.

ನಮ್ಮ ಊರಿನ ಮೇಲೆ ಅರುಣ ಕೊಲಟಕರರು ಇಂಗ್ಲಿಷಿನಲ್ಲಿ ಬರೆದು ೧೯೭೬ರಲ್ಲಿ ಹೊರತಂದ ‘ಜೇಜುರಿ’ ಎಂಬ ಕಾವ್ಯವನ್ನೂ ಒಂದು ಸಂಜೆ ಪರಿಚಯಿಸಿದೆವು. ಮರುವರ್ಷ ಅದಕ್ಕೆ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಬಂದಿತ್ತು. ಅದರಲ್ಲಿರುವುದು ಸಂದೇಹದ ಕಣ್ಣು. ಕೆಲವರಿಗೆ ಹಿಡಿಸಲಿಲ್ಲ. ಒಬ್ಬ ತಾಯಿ, “ಅವರು ನೋಡಲಿಕ್ಕೆ ಬಂದವರು, ನಾವು ಹರಕೆ ಹೊತ್ತು ಬಂದವರು, ಕಾಣುವುದು ಬೇರೆ ಬೇರೆಯೇ” ಎಂದರು. ಆದರೂ ಅವರು ಕಡೆಯವರೆಗೆ ಕುಳಿತು ಕೇಳಿದರು. ಒಪ್ಪದಿದ್ದರೂ ಕುಳಿತು ಕೇಳುವುದೇ ವಾಚನಾಲಯದ ವಿದ್ಯೆ.

ಹಾಗಾದರೆ ಲೆಕ್ಕ ಹೇಗೆ ನಿಂತಿತು? ನನ್ನ ತಿಳಿವಳಿಕೆಗೆ ಬಂದದ್ದು ಇಷ್ಟು. ಭಕ್ತಿಯ ಓದು ನಮ್ಮನ್ನು ಒಟ್ಟಿಗೆ ಕೂಡಿಸಿತು. ಕೆಲಸದ ದಣಿವಿನಲ್ಲಿ ಬಂದವನಿಗೆ ಮೊದಲು ಬೇಕಾದದ್ದು ಸಮಾಧಾನ. ಷಟ್ಪದಿಯ ಲಯ, ಪದದ ರಾಗ ಅದನ್ನು ಕೊಡುತ್ತವೆ. ಲೋಕದ ಓದು ನಮ್ಮನ್ನು ಪ್ರಶ್ನೆ ಕೇಳುವವರನ್ನಾಗಿ ಮಾಡಿತು. ಯಾರು ಬರೆದರು, ಯಾವಾಗ ಬರೆದರು, ಆಧಾರವೇನು ಎಂದು ಕೇಳುವ ರೂಢಿ ಹತ್ತಿದವನು ನಾಳೆ ಗುತ್ತಿಗೆದಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಏನಿದೆಯೆಂದು ಕೇಳುತ್ತಾನೆ. ಮೊಬೈಲಿನಲ್ಲಿ ಬಂದ ದೇವರ ಸುದ್ದಿಯನ್ನು ಹತ್ತು ಜನರಿಗೆ ಕಳಿಸುವ ಮೊದಲು ನಿಜವೇ ಎಂದು ನೋಡುತ್ತಾನೆ. ಸಮಾಧಾನವೊಂದೇ ಇದ್ದರೆ ನಿದ್ದೆ ಬರುತ್ತದೆ. ಪ್ರಶ್ನೆಯೊಂದೇ ಇದ್ದರೆ ಕೋಣೆಯಲ್ಲಿ ಜನ ಉಳಿಯುವುದಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ನಮ್ಮ ಮಕ್ಕಳು ಕನ್ನಡ ಆಡುತ್ತಾರೆ, ಓದಲಾರರು. ಐದು ತಿಂಗಳು ಅವರು ಮರಾಠಿ ಪುಸ್ತಕ ಓದಿ ನಮಗೆ ಉಪಕಾರ ಮಾಡಿದರು. ಆದರೆ ಜೈಮಿನಿ ಭಾರತದ ಪುಟವನ್ನು ಮುಂದಿಟ್ಟರೆ ಸುಮ್ಮನೆ ನೋಡುತ್ತಾರೆ. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು, ಸೊಲ್ಲಾಪುರದಲ್ಲಿ ೧೯೪೪ರಿಂದ ೧೯೫೬ರವರೆಗೆ ಕನ್ನಡ ಕಲಿಸಿದರು, ಕನ್ನಡದ ದೊಡ್ಡ ಕವಿಯಾದರು. ಮರಾಠಿ ಬಂದರೆ ಕನ್ನಡ ಹೋಗಬೇಕೆಂಬ ನಿಯಮವೇನೂ ಇಲ್ಲ. ಎರಡೂ ಇರಬಹುದು, ಇರಬೇಕು. ಆದುದರಿಂದ ಬರುವ ಭಾನುವಾರದಿಂದ ಬೆಳಿಗ್ಗೆ ಒಂದು ತಾಸು ಅಕ್ಷರದ ವರ್ಗ ನಡೆಸಲು ಮಂಡಳಿ ನಿಶ್ಚಯಿಸಿದೆ. ಪಾಟಿ ಬಳಪ ನಾವು ಕೊಡುತ್ತೇವೆ. ಮಕ್ಕಳನ್ನು ನೀವು ಕಳಿಸಬೇಕು. ಅಕ್ಷರ ಬಾರದ ದೊಡ್ಡವರೂ ಬರಬಹುದು. ಬಾಗಿಲ ಬಳಿ ಕೂಡುವ ಅಜ್ಜಿ ಆಗಲೇ ಹೆಸರು ಹಚ್ಚಿದ್ದಾರೆ.

ಕೊನೆಯಲ್ಲಿ ಕೆಲವು ಸೂಚನೆಗಳು. ಒಯ್ದ ಪುಸ್ತಕಗಳನ್ನು ಹುಣ್ಣಿಮೆಯ ಒಳಗೆ ತಂದೊಪ್ಪಿಸಬೇಕು. ಭಂಡಾರದ ಕೈಯಲ್ಲಿ ಪುಟ ತಿರುವಬಾರದು. ದಾಸರ ಪದಗಳ ಪುಸ್ತಕ ಈಗಾಗಲೇ ಮುಕ್ಕಾಲು ಹಳದಿಯಾಗಿದೆ. ಊರಿಗೆ ಹೋಗುವವರು ಬರುವಾಗ ಮನೆಯಲ್ಲಿ ಬಿದ್ದಿರುವ ಹಳೆಯ ಕನ್ನಡ ಪುಸ್ತಕ ಒಂದನ್ನಾದರೂ ತರಬೇಕು. ಪುರಾಣವಾದರೂ ಆಗಲಿ, ಪಂಚಾಯತಿ ಕಾಯದೆಯಾದರೂ ಆಗಲಿ, ಎರಡಕ್ಕೂ ಕಪಾಟಿನಲ್ಲಿ ಸ್ಥಳವಿದೆ. ನಾಳೆ ಸಂಜೆ ಏಳು ಗಂಟೆಗೆ ಎಂದಿನಂತೆ ಬಾಗಿಲು ತೆರೆದಿರುತ್ತದೆ.