ಹೊಣೆಯ ಹಂಚಿಕೆ: ಸಣ್ಣ ಶಾಲೆಯ ದೊಡ್ಡ ಹುದ್ದೆ

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರ ಕೆಲಸವನ್ನು ಒಂದು ಹುದ್ದೆ ಎಂದು ಕರೆಯುವುದು ಕಡತದ ಅನುಕೂಲಕ್ಕೆ ಮಾತ್ರ. ಅಲ್ಲಿ ನಡೆಯುವ ದುಡಿಮೆಯನ್ನು ನೋಡಿದವರಾರೂ ಅದನ್ನು ಒಂದು ಎಂದು ಎಣಿಸಲಾರರು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಮಕ್ಕಳ ಸಂಖ್ಯೆ 150ನ್ನು ದಾಟಿದಾಗಲೇ ಐವರು ಶಿಕ್ಷಕರ ಜೊತೆಗೆ ಪ್ರತ್ಯೇಕ ಮುಖ್ಯ ಶಿಕ್ಷಕರು ಇರಬೇಕೆಂಬ ನಿಯಮವಿದೆ. ಅದಕ್ಕಿಂತ ಚಿಕ್ಕ ಶಾಲೆಗಳಲ್ಲಿ ಸಾಮಾನ್ಯವಾಗಿ ಇರುವ ಇಬ್ಬರು ಮೂವರ ಪೈಕಿ ಸೇವೆಯಲ್ಲಿ ಹಿರಿಯರಾದವರೇ ಪಾಠದ ಜೊತೆಗೆ ಆಡಳಿತವನ್ನೂ ಹೊರುತ್ತಾರೆ. ಆಡುಮಾತಿನಲ್ಲಿ ಅವರು ಹೆಡ್‌ಮಾಸ್ಟರು, ಕಡತದಲ್ಲಿ ಪ್ರಭಾರಿ. ಪ್ರಭಾರ ಎಂದರೆ, ಹುದ್ದೆಗೆ ನೇಮಕಗೊಳ್ಳದೆಯೇ ಆ ಹುದ್ದೆಯ ಕೆಲಸವನ್ನೂ ಅದರ ಬಗ್ಗೆ ಉತ್ತರ ಹೇಳುವ ಹೊಣೆಯನ್ನೂ ತಾತ್ಕಾಲಿಕವಾಗಿ ವಹಿಸಿಕೊಳ್ಳುವ ವ್ಯವಸ್ಥೆ. ಈ ‘ತಾತ್ಕಾಲಿಕ’ ಎಂಬುದು ಎಷ್ಟೋ ಮಂದಿಗೆ ನಿವೃತ್ತಿಯ ದಿನದವರೆಗೂ ಮುಂದುವರಿದಿದೆ ಎಂಬುದು ಬೇರೆ ಮಾತು.

ಶಾಲೆಯ ಒಂದು ಬೆಳಗನ್ನು ಹತ್ತಿರದಿಂದ ನೋಡಿದರೆ ಈ ಹೊರೆಯ ಸ್ವರೂಪ ತಿಳಿಯುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಂತೆ ಮಗುವೊಂದಕ್ಕೆ 18 ಗ್ರಾಂ ಹಾಲಿನ ಪುಡಿಯಿಂದ ತಯಾರಾದ 150 ಮಿಲಿಲೀಟರ್ ಹಾಲನ್ನು ಕೊಡಬೇಕು; 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಬಳಿಕ ರಾಜ್ಯವನ್ನೆಲ್ಲ ವ್ಯಾಪಿಸಿದ ಅಕ್ಷರ ದಾಸೋಹದ ಬಿಸಿಯೂಟಕ್ಕೆ ಐದನೆಯ ತರಗತಿಯವರೆಗಿನ ಮಗುವಿಗೆ 100 ಗ್ರಾಂ, ಅದಕ್ಕೆ ಮೇಲಿನ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯದ ಲೆಕ್ಕವಿದೆ. ಹಾಜರಿ ಕೂಗಿ, ಬಂದ ಮಕ್ಕಳ ಸಂಖ್ಯೆಯನ್ನು ಈ ಅಳತೆಗಳಿಂದ ಗುಣಿಸಿ, ಅಕ್ಕಿ ತೂಗಿಸಿ ಕೊಟ್ಟು, ದಾಸ್ತಾನು ಪುಸ್ತಕದಲ್ಲಿ ಉಳಿಕೆ ಬರೆದು, ಅದೇ ಅಂಕಿಯನ್ನು ಮೊಬೈಲಿನ ಮೂಲಕ ಇಲಾಖೆಗೂ ಮುಟ್ಟಿಸುವಷ್ಟರಲ್ಲಿ ಮೊದಲ ಅವಧಿಯ ಗಣಿತದ ಪಾಠ ಅರ್ಧಕ್ಕೆ ಬಂದಿರುತ್ತದೆ, ಅಥವಾ ಆರಂಭವೇ ಆಗಿರುವುದಿಲ್ಲ. ಇದರ ನಡುವೆ ಗ್ಯಾಸ್ ಸಿಲಿಂಡರ್ ಮುಗಿದಿದೆಯೆಂದು ಅಡುಗೆಯವರು ಬಾಗಿಲಲ್ಲಿ ನಿಂತಿರುತ್ತಾರೆ, ವರ್ಗಾವಣೆ ಪತ್ರ ಬೇಕೆಂದು ಪೋಷಕರೊಬ್ಬರು ಬಂದಿರುತ್ತಾರೆ, ತಾಲ್ಲೂಕು ಕಚೇರಿಯಿಂದ ‘ಈಗಲೇ ಮಾಹಿತಿ ಕಳಿಸಿ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಬಂದಿರುತ್ತದೆ.

ಶಾಲೆಯ ಹೊರಗಿನ ಕೆಲಸಗಳು ಇನ್ನೊಂದು ಬಗೆಯವು. ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಈ ಮೂರನ್ನು ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆಂದು ಹೇಳುತ್ತದೆ. ಮತದಾರರ ಪಟ್ಟಿ ಪರಿಷ್ಕರಣೆ ಮತ್ತು ಚುನಾವಣಾ ಕೆಲಸಗಳನ್ನು ರಜಾದಿನಗಳಲ್ಲಿಯೂ ಪಾಠವಿಲ್ಲದ ದಿನಗಳಲ್ಲಿಯೂ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲಿಯೇ ಹೇಳಿತ್ತು. ಮಕ್ಕಳ ಪಾಠವನ್ನು ಕಾಪಾಡಲು ಹೊರಟ ಈ ಮಾತು, ಶಿಕ್ಷಕರ ಬಿಡುವನ್ನು ಬೆಲೆಯಾಗಿ ತೆತ್ತಿತು ಎಂಬುದನ್ನು ಯಾರೂ ಹೆಚ್ಚು ಚರ್ಚಿಸಿಲ್ಲ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಾಲೆಗಳ ದಸರಾ ರಜೆಯನ್ನು ವಿಸ್ತರಿಸಿದಾಗಲೂ ಆ ರಜೆ ಮಕ್ಕಳಿಗೆ ರಜೆಯಾಗಿತ್ತೇ ಹೊರತು ಮನೆಮನೆ ಸುತ್ತಿದ ಗಣತಿದಾರ ಶಿಕ್ಷಕರಿಗೆ ಆಗಿರಲಿಲ್ಲ. ಇಂಥ ಹೊರೆಯನ್ನು ಇಳಿಸಬೇಕಾದುದು ಸರ್ಕಾರದ ಕೆಲಸ, ಖಾಲಿ ಹುದ್ದೆ ತುಂಬುವುದೂ ಅದರದೇ ಕೆಲಸ. ಇದ್ದ ಇಬ್ಬರಿಗೆ ‘ಸಮಯ ನಿರ್ವಹಣೆ’ಯ ತರಬೇತಿ ಕೊಟ್ಟು ಮೂರನೆಯವರ ಕೊರತೆಯನ್ನು ಮುಚ್ಚುವುದು ನ್ಯಾಯವಲ್ಲ.

ಹೀಗೆಂದ ಮೇಲೂ ಶಾಲೆಯ ಆವರಣದೊಳಗೆ, ಮುಖ್ಯ ಶಿಕ್ಷಕರ ಕೈಯಲ್ಲೇ ಇರುವ ಕೆಲಸಗಳ ಪ್ರಶ್ನೆ ಉಳಿಯುತ್ತದೆ. ಆಡಳಿತಶಾಸ್ತ್ರದಲ್ಲಿ ಪ್ರತ್ಯಾಯೋಜನೆ ಎಂಬ ಪರಿಕಲ್ಪನೆಯೊಂದಿದೆ. ತನ್ನ ಕೆಲಸದ ಒಂದು ಭಾಗವನ್ನು ಮತ್ತೊಬ್ಬರಿಗೆ ವಹಿಸುವಾಗ ಅದನ್ನು ನಡೆಸಲು ಬೇಕಾದಷ್ಟು ಅಧಿಕಾರವನ್ನೂ ಜೊತೆಗೆ ಕೊಡುವುದು, ಅಂತಿಮ ಹೊಣೆಯನ್ನು ಮಾತ್ರ ತನ್ನಲ್ಲೇ ಇಟ್ಟುಕೊಳ್ಳುವುದು ಅದರ ತಿರುಳು. ಇದನ್ನು ಅರಿಯಲು ಮುಖ್ಯ ಶಿಕ್ಷಕರು ನಿರ್ವಹಣಾ ಶಾಸ್ತ್ರದ ಪುಸ್ತಕಗಳನ್ನು ಹುಡುಕಬೇಕಾಗಿಲ್ಲ, ಪಕ್ಕದ ನಲಿ-ಕಲಿ ಕೊಠಡಿಯನ್ನು ನೋಡಿದರೆ ಸಾಕು.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಪದ್ಧತಿಯನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು, ಯುನಿಸೆಫ್ ನೆರವಿನಿಂದ ಅದನ್ನು ತಮ್ಮ ಶಾಲೆಗಳಿಗೆ ಒಗ್ಗಿಸಿಕೊಂಡರು. 2009-10ರಲ್ಲಿ ಅದು ರಾಜ್ಯದಾದ್ಯಂತ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಬೇರೆ ಬೇರೆ ತರಗತಿಯ, ಬೇರೆ ಬೇರೆ ವೇಗದಲ್ಲಿ ಕಲಿಯುವ ಮಕ್ಕಳು ಒಂದೇ ಕೋಣೆಯಲ್ಲಿರುವಾಗ ಒಬ್ಬ ಶಿಕ್ಷಕಿ ಎಲ್ಲರಿಗೂ ಏಕಕಾಲದಲ್ಲಿ ಕಲಿಸಲಾಗದು ಎಂಬ ವಾಸ್ತವವನ್ನು ಒಪ್ಪಿಕೊಂಡೇ ಈ ಪದ್ಧತಿ ಆರಂಭವಾಗುತ್ತದೆ. ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯೊಂದು ಗೋಡೆಯ ಮೇಲಿರುತ್ತದೆ. ಮಗು ಅದರಲ್ಲಿ ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಅದಕ್ಕೆ ಸೇರಿದ ಕಾರ್ಡನ್ನು ತಾನೇ ತೆಗೆದುಕೊಂಡು, ಆ ಕಾರ್ಡು ಸೂಚಿಸುವ ತಟ್ಟೆಯಲ್ಲಿ, ಎಂದರೆ ಗುಂಪಿನಲ್ಲಿ, ಹೋಗಿ ಕೂರುತ್ತದೆ. ತಟ್ಟೆಗಳು ಐದು. ಮೊದಲನೆಯದರಲ್ಲಿ ಶಿಕ್ಷಕರ ಪೂರ್ಣ ನೆರವು, ಎರಡನೆಯದರಲ್ಲಿ ಭಾಗಶಃ ನೆರವು, ಮೂರು ಮತ್ತು ನಾಲ್ಕನೆಯದರಲ್ಲಿ ಇದೇ ಕ್ರಮದಲ್ಲಿ ಗೆಳೆಯರ ನೆರವು, ಐದನೆಯದು ಸ್ವಕಲಿಕೆ. ಶಿಕ್ಷಕಿ ಬಹುಹೊತ್ತು ಮೊದಲ ತಟ್ಟೆಯ ಬಳಿ, ಹೊಸ ಅಕ್ಷರವನ್ನು ಮೊತ್ತಮೊದಲು ಕಾಣುತ್ತಿರುವ ಮಕ್ಕಳ ಜೊತೆ ಕೂತಿರುತ್ತಾಳೆ, ಏಕೆಂದರೆ ಅವಳಿಲ್ಲದೆ ನಡೆಯದ ಕೆಲಸ ಅದೊಂದೇ.

ಈ ಐದು ತಟ್ಟೆಗಳ ಹಿಂದಿನ ವಿವೇಚನೆ ಗಮನಾರ್ಹವಾದುದು. ಇಲ್ಲಿ ಕೆಲಸವನ್ನು ‘ನಾನೇ ಮಾಡುವುದು’ ಮತ್ತು ‘ಬೇರೆಯವರ ಮೇಲೆ ಹಾಕುವುದು’ ಎಂದು ಎರಡಾಗಿ ಸೀಳಿಲ್ಲ. ನೆರವಿನ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತ, ಕೊನೆಗೆ ಕೈಬಿಟ್ಟರೂ ಬೀಳದ ಸ್ಥಿತಿಗೆ ಮಗುವನ್ನು ತಂದು, ಆ ಬಳಿಕವೂ ಪ್ರಗತಿಯನ್ನು ದಾಖಲಿಸುವ ಹೊಣೆಯನ್ನು ಶಿಕ್ಷಕರೇ ಉಳಿಸಿಕೊಳ್ಳುತ್ತಾರೆ. ವಿಪರ್ಯಾಸವೆಂದರೆ, ಏಳು ವರ್ಷದ ಮಗುವನ್ನು ನಂಬಿ ಕಲಿಕೆಯನ್ನೇ ಅದರ ಕೈಗೆ ಕೊಡುವ ಶಿಕ್ಷಕರು, ಅದೇ ಶಾಲೆಯ ಬೀರುವಿನ ಕೀಲಿಯನ್ನು ಹತ್ತಾರು ವರ್ಷ ಸೇವೆ ಸಲ್ಲಿಸಿದ ಸಹೋದ್ಯೋಗಿಗೆ ಕೊಡಲು ಹಿಂಜರಿಯುತ್ತಾರೆ.

ಹಿಂಜರಿಕೆಗೆ ಕಾರಣವಿಲ್ಲದಿಲ್ಲ. ಲೆಕ್ಕ ತಪಾಸಣೆಯ ದಿನ ದಾಸ್ತಾನಿನಲ್ಲಿ ಎರಡು ಕಿಲೋ ಅಕ್ಕಿ ವ್ಯತ್ಯಾಸ ಕಂಡುಬಂದರೆ ಕಾರಣ ಕೇಳುವ ನೋಟಿಸು ಬರುವುದು ಪ್ರಭಾರಿಯ ಹೆಸರಿಗೇ. ಆದರೆ ಈ ಭಯದಿಂದ ಹುಟ್ಟುವ ಹಂಚಿಕೆ ಅರೆಬರೆಯಾಗಿರುತ್ತದೆ: ಪುಸ್ತಕ ಬರೆಯುವ ಕೆಲಸ ಸಹಶಿಕ್ಷಕಿಗೆ, ಉಗ್ರಾಣದ ಕೀಲಿ ಮಾತ್ರ ಮುಖ್ಯ ಶಿಕ್ಷಕರ ಜೇಬಿಗೆ, ಮಕ್ಕಳ ವಿವರ ತುಂಬುವ ಕೆಲಸ ಕಿರಿಯ ಶಿಕ್ಷಕರಿಗೆ, ಪಾಸ್‌ವರ್ಡ್ ಮಾತ್ರ ಹಿರಿಯರ ಫೋನಿಗೆ. ವಹಿಸಿಕೊಂಡವರು ಪ್ರತಿ ಹೆಜ್ಜೆಗೂ ಬಂದು ಕೇಳಬೇಕಾಗುತ್ತದೆ, ವಹಿಸಿಕೊಟ್ಟವರು ಎಲ್ಲವನ್ನೂ ಮತ್ತೊಮ್ಮೆ ನೋಡಬೇಕಾಗುತ್ತದೆ, ಕೊನೆಗೆ ‘ಇದಕ್ಕಿಂತ ನಾನೇ ಮಾಡಿದ್ದರೆ ಬೇಗ ಮುಗಿಯುತ್ತಿತ್ತು’ ಎಂಬ ತೀರ್ಮಾನ ಹೊರಬೀಳುತ್ತದೆ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂಬಂತೆ, ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ಇತರರು ಬರೆದ ಪ್ರತಿ ಸಾಲಿನಲ್ಲೂ ತಪ್ಪೇ ಕಾಣುತ್ತದೆ.

ನಿಯಮಗಳು ವಾಸ್ತವವಾಗಿ ಇಷ್ಟು ಬಿಗಿಯಾಗಿಲ್ಲ. ಬಡಿಸುವ ಮೊದಲು ಬಿಸಿಯೂಟದ ರುಚಿ ನೋಡಬೇಕಾದವರಲ್ಲಿ ಕನಿಷ್ಠ ಒಬ್ಬ ಶಿಕ್ಷಕರು ಇರಬೇಕೆಂದು ಮಧ್ಯಾಹ್ನದ ಊಟದ ಮಾರ್ಗಸೂಚಿಗಳು ಹೇಳುತ್ತವೆಯೇ ಹೊರತು, ಆ ಶಿಕ್ಷಕರು ಮುಖ್ಯ ಶಿಕ್ಷಕರೇ ಆಗಿರಬೇಕೆಂದು ಹೇಳುವುದಿಲ್ಲ. ಮುಕ್ಕಾಲು ಪಾಲು ಪೋಷಕರೇ ಇರಬೇಕಾದ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕಾದ ಶಾಲಾಭಿವೃದ್ಧಿ ಸಮಿತಿಯನ್ನು ಕಾನೂನು ರಚಿಸಿರುವುದು ಸಭೆಯ ನಡಾವಳಿಗೆ ಸಹಿ ಹಾಕಿಸಿಕೊಳ್ಳಲು ಮಾತ್ರವಲ್ಲ; ಕಾಂಪೌಂಡಿನ ದುರಸ್ತಿ, ಕುಡಿಯುವ ನೀರು, ಶೌಚಾಲಯದ ನಿಗಾ ಇಂಥವುಗಳಲ್ಲಿ ಒಂದೊಂದನ್ನು ಒಬ್ಬೊಬ್ಬ ಸದಸ್ಯರು ಹೊತ್ತರೆ ಪಾಠದ ಹೊತ್ತಿನಲ್ಲಿ ಪ್ಲಂಬರಿಗೆ ಫೋನ್ ಮಾಡುವ ಪಾಡು ತಪ್ಪುತ್ತದೆ. ವರ್ಷಾರಂಭದ ಶಿಕ್ಷಕರ ಸಭೆಯಲ್ಲಿಯೇ ಯಾವ ದಾಖಲೆ ಯಾರದು, ಎಷ್ಟರವರೆಗಿನ ನಿರ್ಧಾರವನ್ನು ಅವರೇ ಕೈಗೊಳ್ಳಬಹುದು, ವಾರಕ್ಕೊಮ್ಮೆ ಯಾವಾಗ ಒಟ್ಟಿಗೆ ಕೂತು ನೋಡಬೇಕು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿದರೆ, ತಪಾಸಣೆಯ ದಿನ ಆ ಪುಟವೇ ರಕ್ಷಣೆಯಾಗುತ್ತದೆ. ಹಂಚಬಾರದ ಕೆಲಸಗಳೂ ಇವೆ. ಹಣದ ಮೇಲಿನ ಸಹಿ, ಮಗುವಿಗೆ ಆದ ತೊಂದರೆಯ ವಿಚಾರಣೆ, ಶಾಲೆ ಬಿಡುವ ಅಂಚಿನಲ್ಲಿರುವ ಮಗುವಿನ ಮನೆಗೆ ಹೋಗಿ ಮಾತಾಡುವುದು ಮುಖ್ಯ ಶಿಕ್ಷಕರದೇ. ಶಾಲಾ ಸಂಸತ್ತಿನ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿಗಳ ಹೆಸರಿನಲ್ಲಿ ಶಿಕ್ಷಕರ ದುಡಿಮೆಯನ್ನು ಮಕ್ಕಳ ಮೇಲೆ ಹೊರಿಸುವುದಂತೂ ಹಂಚಿಕೆಯಲ್ಲ, ಜಾರಿಕೊಳ್ಳುವಿಕೆ.

ಕಾಯಿದೆಯು ಶಿಕ್ಷಕರಿಗೆ ಪಾಠದ ಸಿದ್ಧತೆಯೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸವನ್ನು ವಿಧಿಸಿದೆ. ಶಾಲೆಯಲ್ಲಿ ಕಡತ ತಿಂದುಹಾಕಿದ ಸಿದ್ಧತೆಯ ಗಂಟೆಗಳು ಸಂಜೆ ಮನೆಗೆ ಬರುತ್ತವೆ, ಮತ್ತು ಪ್ರಭಾರಿ ಮಹಿಳೆಯಾಗಿದ್ದರೆ ಅಲ್ಲಿ ಇನ್ನೊಂದು ಪ್ರಭಾರ ಕಾದಿರುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸದಲ್ಲಿ ಪಾಲ್ಗೊಂಡ ಮಹಿಳೆಯರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಪಾಲ್ಗೊಂಡ ಪುರುಷರು ವ್ಯಯಿಸಿದ್ದು 97 ನಿಮಿಷ. ಶಾಲೆಯ ಅರೆಬರೆ ಹಂಚಿಕೆಯ ರೋಗವೇ ಮನೆಯಲ್ಲೂ ಕಾಣುತ್ತದೆ: ತರಕಾರಿ ತರುವವರು ಗಂಡ, ಏನು ಮುಗಿದಿದೆ, ಏನು ತರಬೇಕು ಎಂದು ನೆನಪಿಟ್ಟು ಚೀಟಿ ಬರೆಯುವವರು ಹೆಂಡತಿ. ಕೆಲಸ ಒಬ್ಬರ ಕೈಗೆ ದಾಟಿದರೂ ಅದರ ಯೋಚನೆ ಇನ್ನೊಬ್ಬರ ತಲೆಯಲ್ಲೇ ಉಳಿದಾಗ ಸಿಗುವ ಬಿಡುವು ಹೆಸರಿಗಷ್ಟೇ.

ಹಂಚಿಕೆ ನಿಜವಾಗಿ ನಡೆದಿದೆಯೇ ಎಂಬುದನ್ನು ತಿಳಿಯಲು ಮುಖ್ಯ ಶಿಕ್ಷಕರು ಸಾಂದರ್ಭಿಕ ರಜೆ ಹಾಕಿದ ದಿನವನ್ನು ನೋಡಬೇಕು. ಅಂದು ಉಗ್ರಾಣದ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದು, ಹಾಜರಿಯಂತೆ ಅಕ್ಕಿ ಅಳೆದು, ರುಚಿ ನೋಡಿದ ಶಿಕ್ಷಕಿ ತನ್ನ ಹೆಸರಿನಲ್ಲೇ ಪುಸ್ತಕಕ್ಕೆ ಸಹಿ ಹಾಕಿ, ಮಧ್ಯಾಹ್ನದ ಮಾಹಿತಿ ಇಲಾಖೆಗೆ ತಲುಪಿದ ಮೇಲೂ ರಜೆಯಲ್ಲಿರುವವರ ಫೋನು ಸಂಜೆಯವರೆಗೆ ಒಮ್ಮೆಯೂ ರಿಂಗಣಿಸದಿದ್ದರೆ, ಮರುದಿನದ ಶಾಲೆಗೆ ಅವರು ಪಾಠದ ಟಿಪ್ಪಣಿಯೊಂದಿಗೆ ಬರುವ ಸಾಧ್ಯತೆ ಹೆಚ್ಚು.