ಶೌಕ್ ಮತ್ತು ಶೋಕಿ



ಉರ್ದುವಿನ 'ಶೌಕ್' ಎಂದರೆ ಮನಸಾರೆ ಹಚ್ಚಿಕೊಂಡ ಆಸಕ್ತಿ. ಅದೇ ಮಾತು ಕನ್ನಡಕ್ಕೆ ಬಂದು 'ಶೋಕಿ' ಆಯಿತು. ಅರ್ಥ ತೋರಿಕೆಗೆ ಇಳಿಯಿತು. ಇವೆರಡರ ಅಂತರವನ್ನು ಹಳೆಯ ಐಷಾರಾಮಿ ಕಾರುಗಳಲ್ಲಿ ಕಾಣಬಹುದು.

ಹೈದರಾಬಾದಿನ ಆರನೆಯ ನಿಜಾಮ್ ಮೀರ್ ಮಹಬೂಬ್ ಅಲಿ ಖಾನರು ಸಿಂಹಾಸನದಂಥ ಆಸನವಿರುವ ರೋಲ್ಸ್ ರಾಯ್ಸ್ ಮಾಡಿಸಲು ಹೇಳಿದರು. ಕಾರು ಬರುವ ಮೊದಲೇ, 1911ರಲ್ಲಿ, ತೀರಿಕೊಂಡರು. ಮಗ ಉಸ್ಮಾನ್ ಅಲಿ ಖಾನರ ಕಾಲದಲ್ಲೂ ಅದು ಓಡಿದ್ದು ಬಹಳ ಕಡಿಮೆ. ಆಸನ ಉಳಿಯಿತು, ಆಸೆಪಟ್ಟವರು ಕೂರಲಿಲ್ಲ.

ಇನ್ನು ನಮ್ಮ ಕಡೆಗೆ ಬನ್ನಿ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ 'ಪಯಣ' ವಸ್ತುಸಂಗ್ರಹಾಲಯ ತೆರೆಯಿತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳನ್ನು ಅಲ್ಲಿ ಎಲ್ಲರೂ ನೋಡಬಹುದು. ಇಂಥ ಕಾರು ಸಾಕುವುದು ಸುಲಭವಲ್ಲ. ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಹುಡುಕಬೇಕು, ಇಲ್ಲವೇ ಲೇತಿನಲ್ಲಿ ಮಾಡಿಸಬೇಕು. ಸುಮ್ಮನೆ ನಿಲ್ಲಿಸಿದರೆ ರಬ್ಬರು ಬಿರಿಯುತ್ತದೆ, ಟ್ಯಾಂಕು ತುಕ್ಕು ಹಿಡಿಯುತ್ತದೆ. ವರ್ಷಗಟ್ಟಲೆ ಹೀಗೆ ಆರೈಕೆ ಮಾಡಿದವರಿಗೆ ಅದನ್ನು ಮಾರಲು ಮನಸ್ಸು ಬರುವುದಿಲ್ಲ. ಇದು ಶೌಕ್.

ಮಕ್ಕಳೇ, ಓದು ಬಿಟ್ಟು, ಸಾಲ ಮಾಡಿ ಬೈಕು ಕೊಂಡ ಹುಡುಗರನ್ನು ನಾನು ಕಂಡಿದ್ದೇನೆ. ಕಂತು ಕಟ್ಟಲಾಗದೆ ಬೈಕೂ ಹೋಯಿತು, ಕಾಲೇಜೂ ಹೋಯಿತು. ಇದು ಶೋಕಿ.

ನಮ್ಮ ದೀನ್ ಹೇಳುವಂತೆ ಒಡೆತನ ಅಲ್ಲಾಹನದು. ನಮ್ಮ ಕೈಯಲ್ಲಿರುವುದು ಅಮಾನತ್. ಅಬ್ಬಾನ ಹಳೇ ಸೈಕಲ್ಲನ್ನು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಅದರಲ್ಲೇ ಶಾಲೆಗೆ ಬರುವ ಹುಡುಗನ ಶೌಕ್ ಯಾವ ನವಾಬನಿಗೂ ಕಡಿಮೆಯಲ್ಲ.