ಮನೆಯಿಲ್ಲದ ಯುವಕರು ಮತ್ತು ನಮ್ಮ ಸಂಘ
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಬೀಜ, ಗೊಬ್ಬರದ ಮಾತು ಹಿರಿಯರೆಲ್ಲ ಆಡಿದ್ದಾರೆ. ನಮಗೆ ಕೊಟ್ಟ ಹತ್ತು ನಿಮಿಷದಾಗ ಪಹಣಿ ಇಲ್ಲದವರ, ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದ ಹುಡುಗ್ರ ವಿಷಯ ಹೇಳ್ತೀವಿ.

ಮಟಮಾರಿ ಊರಿಗೂ ಇದಕ್ಕೂ ಏನು ಸಂಬಂಧ ಅಂತೀರಿ. ನಮ್ಮ ಸ್ಟೇಷನ್ನು ಮುಂಬೈ–ಚೆನ್ನೈ ದಾರಿಯಲ್ಲಿದೆ. ಮಳಿ ಕೈಕೊಟ್ಟ ವರ್ಷ ನಮ್ಮ ಸೀಮೆಯ ಜನ ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗೋದು ನಿಮಗೆಲ್ಲ ಗೊತ್ತು. ಮಕ್ಕಳು ಅಜ್ಜಿ ಹತ್ರ ಉಳೀತಾವ. ಅಜ್ಜಿ ತೀರಿಕೊಂಡರೆ ಆ ಮನಿಗೆ ಬೀಗ. ಅಂಥ ಹುಡುಗ್ರು ರಾಯಚೂರಿನ ಜಿನ್ನಿಂಗ್ ಮಿಲ್ಲು, ಅಕ್ಕಿ ಮಿಲ್ಲು, ಖಾನಾವಳಿ ಸೇರ್ತಾರ. ಅಲ್ಲೇ ಕೆಲಸ, ಅಲ್ಲೇ ಚೀಲದ ಮೇಲೆ ನಿದ್ದಿ. ಹತ್ತಿ ಸೀಸನ್ ಮುಗೀತು ಅಂದ್ರೆ ಕೆಲಸ ಹೋದ ದಿನವೇ ಮಲಗೋ ಜಾಗನೂ ಹೋಗ್ತದ. ಇದನ್ನು ನಾವು ಕಣ್ಣಾರೆ ಕಂಡೀವಿ. ಹುಡುಗ ಸೋಮಾರಿ, ಒಂದು ಕಡೆ ನಿಲ್ಲೋದಿಲ್ಲ ಅಂತ ಬೈಯೋದು ಸುಲಭ. ನಿಲ್ಲಲಿಕ್ಕೆ ಅವನಿಗೆ ನೆಲ ಎಲ್ಲದ?

ಹದಿನೆಂಟರೊಳಗಿನವರಿಗೆ ಸರ್ಕಾರದ ದಾರಿ ಇದೆ. ಸ್ಟೇಷನ್ನಿನಾಗ ಒಂಟಿ ಮಗು ಕಂಡರೆ ಹೊಲದ ಕೆಲಸಕ್ಕೆ ಕರೆದುಕೊಂಡು ಹೋಗಬ್ಯಾಡ್ರಿ, 1098ಕ್ಕೆ ಫೋನ್ ಮಾಡ್ರಿ. ಬಾಲಮಂದಿರದಲ್ಲಿ ಊಟ, ಬಟ್ಟೆ, ಶಾಲೆ ಸಿಗ್ತದ. ಕಷ್ಟ ಇರೋದು ಹದಿನೆಂಟು ತುಂಬಿದ ಮೇಲೆ. ನಮ್ಮ ಮನಿ ಮಕ್ಕಳನ್ನು ಹದಿನೆಂಟಕ್ಕೆ ಯಾರಾದರೂ ಹೊರಗೆ ಹಾಕ್ತೀವಾ? ಇಪ್ಪತ್ತೈದಾದರೂ ರೊಕ್ಕ ಕೇಳ್ತಾವ, ನಾವು ಕೊಡ್ತೀವಿ!

2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮಿನಲ್ಲಿ, ಇಂಥ ಸಂಸ್ಥೆಯಿಂದ ಹೊರಬಂದವರಿಗೆ ಹಣದ ನೆರವು ಕೊಡಬಹುದು ಎಂದಿದೆ. ಇದಕ್ಕೆ ಅನುಪಾಲನೆ ಎನ್ನುತ್ತಾರೆ. ಸಾಮಾನ್ಯವಾಗಿ 21 ವರ್ಷದವರೆಗೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಒಳ್ಳೇದು. ಆದರೆ ಅದಕ್ಕೆ ಅರ್ಜಿ ಬೇಕು, ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು. ಇದೆಲ್ಲ ಹೊರಬರುವ ಮುಂಚೆಯೇ ಆಗಬೇಕು. ಬಾಲಮಂದಿರದ ಮೆಟ್ಟಿಲೇ ಹತ್ತದ, ಮಿಲ್ಲಿನಲ್ಲೇ ಬೆಳೆದ ಹುಡುಗನಿಗೆ ಇದು ಸಿಗೋದೂ ಇಲ್ಲ.

371(ಜೆ) ಬಂದ ಮೇಲೆ, 2013ರಿಂದ, ನಮ್ಮ ಭಾಗದವರಿಗೆ ನೌಕರಿಯಲ್ಲಿ, ಕಾಲೇಜಿನ ಸೀಟಿನಲ್ಲಿ ಮೀಸಲಾತಿ ಸಿಕ್ಕಿತು. ಅದಕ್ಕೆ ಇಲ್ಲಿಯವರೇ ಎಂಬ ಪ್ರಮಾಣಪತ್ರ ಬೇಕು. ಯಾವ ಊರಾಗ ಹುಟ್ಟಿದೆ ಅಂತ ಹೇಳೋರೇ ಇಲ್ಲದವನು ಅದನ್ನು ಎಲ್ಲಿಂದ ತರಬೇಕು? ಇಲ್ಲೇ ಹುಟ್ಟಿ, ಇಲ್ಲೇ ಹತ್ತಿ ಬಿಡಿಸಿದವನು ಕಾಗದದಾಗ ಪರಊರಿನವನಾಗ್ತಾನ.

ಖೋಲಿ ಬಾಡಿಗೆ ಕೇಳಲಿಕ್ಕೆ ಹೋದರೆ ಮೊದಲು ಅಡ್ವಾನ್ಸ್. ಆಮ್ಯಾಲೆ, "ತಮ್ಮಾ, ನಿಮ್ಮಪ್ಪ ಯಾರು? ಯಾವ ಮಂದಿ ನೀವು?" ಎರಡನೇ ಪ್ರಶ್ನೆಗೆ ಉತ್ತರ ಇಲ್ಲದ್ದಕ್ಕೆ ಬಾಗಿಲು ಮುಚ್ಚಿದ್ದನ್ನು ನಾವು ಕೂಡ ನಿಂತು ನೋಡೀವಿ.

ಈ ಮಾತು ಆಡಳಿತ ಮಂಡಳಿಯಲ್ಲಿ ಎತ್ತಿದಾಗ ಹಿರಿಯರೊಬ್ಬರು, "ಸಂಘ ಏನು ಅನಾಥಾಶ್ರಮ ಏನಪಾ?" ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ. ರೈತರ ಷೇರು ಹಣ ದಾನಕ್ಕೆ ಅಲ್ಲ. ಆದರೆ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಯಾತಕ್ಕೆ? ಸಾವಕಾರನ ಮುಂದೆ ಒಬ್ಬೊಬ್ಬನಾಗಿ ಬೆಲೆ ಇಲ್ಲದ ರೈತ, ಒಬ್ಬರಿಗೊಬ್ಬರು ಜಾಮೀನು ನಿಂತಾಗ ಬೆಲೆ ಬಂತು. ಈ ಹುಡುಗ್ರಿಗೆ ಬೇಕಾಗಿರೋದೂ ಜಾಮೀನು.

ಆದ್ದರಿಂದ ನಾವು ಮಹಾಸಭೆಯ ಮುಂದೆ ಇಡೋದು ಇಷ್ಟು. ಗೋದಾಮಿನ ಹಿಂದಿನ ಖಾಲಿ ಖೋಲಿಯಲ್ಲಿ ಹದಿನೆಂಟು ದಾಟಿದ ಇಬ್ಬರಿಗೆ ಒಂದು ವರ್ಷ ಜಾಗ. ಪುಕ್ಕಟೆ ಬ್ಯಾಡ, ಸಣ್ಣ ಬಾಡಿಗೆ ಕೊಡಲಿ; ಪುಕ್ಕಟೆ ಕೊಟ್ಟರೆ ಅವರೂ ತಲೆ ಎತ್ತೋದಿಲ್ಲ. ದುಡಿದ ರೊಕ್ಕದಾಗ ಒಂದಿಷ್ಟು ಅವರ ಹೆಸರಿನ ಉಳಿತಾಯ ಪಾಸ್‌ಬುಕ್ಕಿಗೆ. ಕೈಕಸುಬಿಗೆ ಊಟ-ವಸತಿ ಸಮೇತ ಉಚಿತ ತರಬೇತಿ ಕೊಡುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿ ನೋಡಿಯೇ ಜಿಲ್ಲೆಗಳಲ್ಲಿ ಇವು ಹುಟ್ಟಿದ್ದು. ಮೋಟಾರ್ ರಿಪೇರಿ, ವೈರಿಂಗ್ ಕಲಿತವನಿಗೆ ನಮ್ಮ ಪಂಪ್‌ಸೆಟ್ಟುಗಳೇ ಸಾಕಷ್ಟು ಕೆಲಸ ಕೊಡ್ತಾವ! ಅನ್ನ ಮಾಡೋದು, ಬ್ಯಾಂಕ್ ಚೀಟಿ ತುಂಬೋದು, ಜ್ವರ ಬಂದರೆ ಯಾರ ಹತ್ರ ಹೋಗಬೇಕು ಅನ್ನೋದನ್ನು ಮಾತ್ರ ಯಾವ ಸಂಸ್ಥೆಯೂ ಪೂರ್ತಿ ಕಲಿಸೋದಿಲ್ಲ. ಅದು ನೆರೆಮನಿಯವರ ಕೆಲಸ. ವರ್ಷ ಮುಗಿದು ಬೇರೆ ಖೋಲಿ ಹುಡುಕುವಾಗ ಇಬ್ಬರು ನಿರ್ದೇಶಕರು ಜಾಮೀನು ನಿಲ್ಲಬೇಕು.

ಹೆಣ್ಣುಮಕ್ಕಳಿಗೆ ಈ ಖೋಲಿ ಒಗ್ಗೋದಿಲ್ಲ. ಅವರಿಗೆ ಬೇರೆ ವ್ಯವಸ್ಥೆಯೇ ಆಗಬೇಕು. ಅದನ್ನು ಸ್ವಸಹಾಯ ಸಂಘದ ತಾಯಂದಿರೇ ಕೂತು ಹೇಳಲಿ, ಗಂಡಸರು ಠರಾವು ಬರೆಯೋದು ಬ್ಯಾಡ.

ಖರ್ಚಿಗೆ ಸಂಘದ ಲಾಭ ಮುಟ್ಟೋದಿಲ್ಲ. ನಮ್ಮ ಒಂದು ವರ್ಷದ ಸಭಾ ಭತ್ಯೆಯನ್ನು ನಾವು ಇದಕ್ಕೆ ಬಿಟ್ಟುಕೊಡ್ತೀವಿ. ಖೋಲಿ ಮ್ಯಾಲಿನ ತಗಡು ಎರಡು ಕಡೆ ಸೋರ್ತದ, ಮಳಿಗಾಲಕ್ಕೆ ಮುಂಚೆ ಬದಲಿಸಬೇಕು. ತಗಡು ಕೊಡೋರು, ಜಾಮೀನಿಗೆ ಸಹಿ ಹಾಕೋರು ಊಟ ಆದ ಮ್ಯಾಲೆ ಕಾರ್ಯದರ್ಶಿಗಳ ಹತ್ರ ಹೆಸರು ಬರೆಸಬೇಕಂತ ಕೇಳಿಕೊಳ್ತೀವಿ. ವಿರೋಧ ಇದ್ದವರೂ ಅಲ್ಲೇ ಬಂದು ಎದುರಿಗೇ ಹೇಳ್ರಿ.